ಗಾಜಿನ ಒಳಗೋಡೆಯ ತಿರುಪು

ಟೆಲಿಗ್ರಾಫ್ ಕಂಬದ ಗಾಜಿನ ಇನ್ಸುಲೇಟರ್ ಹೊರನೋಟಕ್ಕೆ ಸರಳ ವಸ್ತು. ಗಂಟೆಯಾಕಾರದ ದಪ್ಪ ಗಾಜು, ತಂತಿಯನ್ನು ಕಟ್ಟಲು ಸುತ್ತಲೂ ಒಂದು ತೋಡು, ಮಳೆನೀರು ಒಳನುಗ್ಗದಂತೆ ಕೆಳಗೆ ಇಳಿಬಿದ್ದ ಅಂಚು, ಇಷ್ಟೇ. ಅದನ್ನು ಬೋರಲು ಮಾಡಿ ಒಳಗೆ ಬೆರಳಾಡಿಸಿದಾಗ ಅದರ ಕಷ್ಟದ ಭಾಗ ಸಿಗುತ್ತದೆ. ಒಳಗೋಡೆಯ ಮೇಲೆ ಸುತ್ತುಸುತ್ತಾಗಿ ಏರಿಹೋಗುವ ತಿರುಪು ಅಲ್ಲಿರುತ್ತದೆ; ವರ್ಕ್‌ಶಾಪಿನ ಮಾತಿನಲ್ಲಿ ಹೇಳುವುದಾದರೆ, ಥ್ರೆಡ್. ಕಂಬದ ಅಡ್ಡತೋಳಿನ ಮೇಲೆ ನಿಲ್ಲಿಸಿದ ಪಿನ್ನಿಗೆ ಇನ್ಸುಲೇಟರನ್ನು ತಿರುಗಿಸಿ ಕೂರಿಸುವುದು ಇದರಿಂದಲೇ. ಕಬ್ಬಿಣದಲ್ಲಿ ಇಂಥ ಥ್ರೆಡ್ ಕೊರೆಯಲು ಟ್ಯಾಪ್ ಎಂಬ ಉಪಕರಣವಿದೆ. ಮರದಲ್ಲಿ ಕೊರೆಯುವುದು ಇನ್ನೂ ಸುಲಭ. ಗಾಜಿನಲ್ಲಿ ಹಾಗೆ ಕೊರೆಯಲು ಹೋದರೆ ಅದು ಬಿರಿಯುತ್ತದೆ. ಕಾದು ಕೆಂಪಗಾದ ಗಾಜಿನಲ್ಲೇ ತಿರುಪನ್ನು ಮೂಡಿಸಬೇಕು, ಮೂಡಿಸಿದ ಕಬ್ಬಿಣವನ್ನು ಗಾಜು ಬಿಗಿಹಿಡಿಯುವ ಮೊದಲೇ ತಿರುಗಿಸಿ ಹೊರತೆಗೆಯಬೇಕು. ಈ ಕೆಲಸ ಕಾರ್ಖಾನೆಗಳಿಗೆ ಕೈಹತ್ತುವ ತನಕ, ಅಂದರೆ ಸುಮಾರು ಇಪ್ಪತ್ತು ವರ್ಷ, ಅಮೆರಿಕದ ತಂತಿ ಮಾರ್ಗಗಳು ಥ್ರೆಡ್ ಇಲ್ಲದ ಇನ್ಸುಲೇಟರ್‌ಗಳಲ್ಲೇ ಕಾಲ ತಳ್ಳಿದವು.

ಸ್ಯಾಮ್ಯುಯೆಲ್ ಮೋರ್ಸ್ 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಗರಗಳ ನಡುವೆ ಮೊದಲ ಮಾರ್ಗ ಹಾಕಿದಾಗ ತಂತಿಯನ್ನು ಸೀಸದ ಕೊಳವೆಯಲ್ಲಿ ಹಾಯಿಸಿ ನೆಲದಡಿ ಹೂಳುವ ಯೋಜನೆ ಇತ್ತು. ಹೂತ ತಂತಿಯ ಹೊದಿಕೆ ಕೆಟ್ಟು ವಿದ್ಯುತ್ತು ಸೋರತೊಡಗಿತು. ಎಜ್ರಾ ಕಾರ್ನೆಲ್ ಮುಂದಾಳತ್ವದಲ್ಲಿ ಕೆಲಸ ನೆಲದಿಂದ ಕಂಬಕ್ಕೆ ಏರಿತು. ಸುಮಾರು 40 ಮೈಲಿ ಉದ್ದದ ಆ ಮಾರ್ಗದಲ್ಲಿ 1844ರ ಮೇ 24ರಂದು ಮೊದಲ ಅಧಿಕೃತ ಸಂದೇಶ ಹರಿಯಿತು. ಕಂಬಕ್ಕೆ ಏರಿದ ತಂತಿಗೆ ಹೊಸದೊಂದು ಸಮಸ್ಯೆ ಎದುರಾಯಿತು. ಒಣಗಿದ ಮರ ವಿದ್ಯುತ್ತನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ, ನೆನೆದ ಮರ ಧಾರಾಳವಾಗಿ ಬಿಟ್ಟುಕೊಡುತ್ತದೆ. ತಂತಿಗೂ ಮರಕ್ಕೂ ನಡುವೆ ವಿದ್ಯುತ್ತನ್ನು ತಡೆಯುವ ವಸ್ತುವೊಂದು ಬೇಕೇಬೇಕು.

ಒಂದು ಕಂಬದ ಸೋರಿಕೆ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಆದರೆ ಕಂಬಗಳು ಒಂದರ ಪಕ್ಕ ಒಂದು ಸಮಾಂತರವಾಗಿ ಸೋರುತ್ತವೆ. ಮಳೆಯಲ್ಲಿ ನೆನೆದ ಒಂದು ಇನ್ಸುಲೇಟರಿನ ರೋಧ 2 ಕೋಟಿ ಓಮ್ ಎಂದೂ, ಮೈಲಿಗೆ 40 ಕಂಬಗಳೆಂದೂ ಇಟ್ಟುಕೊಂಡರೆ, 100 ಮೈಲಿಯ ಮಾರ್ಗದಲ್ಲಿ 4,000 ಇನ್ಸುಲೇಟರ್‌ಗಳ ಒಟ್ಟು ರೋಧ ಕೇವಲ 5,000 ಓಮ್‌ಗೆ ಇಳಿಯುತ್ತದೆ. ಅಂದಿನ ಕಬ್ಬಿಣದ ತಂತಿಯ ರೋಧ ಮೈಲಿಗೆ ಹತ್ತು ಹದಿನೈದು ಓಮ್‌ನಷ್ಟಿತ್ತು. 100 ಮೈಲಿಗೆ ಅದೇ ಸಾವಿರದ ಮೇಲಾಯಿತು. ಹೀಗಾಗಿ ಒಂದು ತುದಿಯಲ್ಲಿ ಹೊರಟ ವಿದ್ಯುತ್ತಿನ ಗಣನೀಯ ಪಾಲು ದಾರಿಯಲ್ಲೇ ನೆಲ ಸೇರುತ್ತದೆ, ಮಳೆ ಬಿದ್ದ ದಿನ ಸಂದೇಶ ಕ್ಷೀಣಿಸುತ್ತದೆ. ಸೋರಿಕೆ ನಡೆಯುವುದು ಗಾಜಿನ ಮೈಯೊಳಗಿಂದ ಅಲ್ಲ, ಅದರ ಮೇಲ್ಮೈಗೆ ಹತ್ತಿದ ನೀರು ಮತ್ತು ಕೊಳೆಯ ತೆಳುಪೊರೆಯ ಮೂಲಕ. ಆದ್ದರಿಂದ ಇನ್ಸುಲೇಟರಿನ ಒಳಭಾಗ ಒಣಗಿರಬೇಕು, ತಂತಿಯಿಂದ ಪಿನ್ನಿನವರೆಗಿನ ದಾರಿ ಉದ್ದವಾಗಿರಬೇಕು. ಗಂಟೆಯ ಆಕಾರ ಬಂದದ್ದೇ ಈ ಕಾರಣಕ್ಕೆ. ಇನ್ಸುಲೇಟರ್ ಪಿನ್ನಿನ ಮೇಲೆ ನೆಟ್ಟಗೆ, ಗಟ್ಟಿಯಾಗಿ ಕೂತಿದ್ದರೆ ಮಾತ್ರ ಆ ಆಕಾರ ಕೆಲಸಕ್ಕೆ ಬರುತ್ತದೆ.

ಮೊದಲ ತಲೆಮಾರಿನ ಇನ್ಸುಲೇಟರ್‌ಗಳ ಒಳಗೆ ನುಣುಪಾದ, ತುದಿಯತ್ತ ಕಿರಿದಾಗುವ ಗುಳಿ ಇರುತ್ತಿತ್ತು. ಮರದ ಪಿನ್ನಿನ ತಲೆಗೆ ಡಾಂಬರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಅದರ ಮೇಲೆ ಗಾಜನ್ನು ಒತ್ತಿ ಕೂರಿಸಲಾಗುತ್ತಿತ್ತು. 1861ರ ಅಕ್ಟೋಬರ್‌ನಲ್ಲಿ ಅಮೆರಿಕ ಖಂಡವನ್ನು ಅಡ್ಡಲಾಗಿ ದಾಟಿದ ಮೊದಲ ತಂತಿ ಮಾರ್ಗವೂ ಥ್ರೆಡ್ ಇಲ್ಲದ ಇನ್ಸುಲೇಟರ್‌ಗಳನ್ನೇ ನಂಬಿತ್ತು. ಬಿಸಿಲಿಗೆ ಡಾಂಬರು ಮೆತ್ತಗಾಗುತ್ತದೆ, ಚಳಿಗೆ ಬಿರುಸಾಗಿ ಬಿರಿಯುತ್ತದೆ. ಮಳೆಗೆ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗಾಳಿಗೆ ತಂತಿ ಹಗಲಿರುಳು ನಡುಗುತ್ತಲೇ ಇರುತ್ತದೆ. ಕೆಲ ತಿಂಗಳಲ್ಲಿ ಹಿಡಿತ ಸಡಿಲವಾಗುತ್ತಿತ್ತು.

ಇದಕ್ಕಿಂತ ದೊಡ್ಡ ಶತ್ರು ತಂತಿಯ ಸೆಳೆತ, ಅದರಲ್ಲೂ ತಗ್ಗಿನಲ್ಲಿ ನಿಂತ ಕಂಬಗಳಲ್ಲಿ. ಸಮತಟ್ಟು ನೆಲದಲ್ಲಿ ತಂತಿ ತನ್ನ ಭಾರದಿಂದ ಇನ್ಸುಲೇಟರನ್ನು ಕೆಳಕ್ಕೆ ಒತ್ತುತ್ತದೆ, ಅದು ಅನುಕೂಲವೇ. ಎರಡು ದಿಬ್ಬಗಳ ನಡುವಿನ ಹಳ್ಳದಲ್ಲಿರುವ ಕಂಬಕ್ಕೆ ಎರಡೂ ಬದಿಯ ತಂತಿ ಮೇಲಿನಿಂದ ಬರುತ್ತದೆ, ಹಾಗಾಗಿ ಬಿಗಿಯಾದಾಗ ಇನ್ಸುಲೇಟರನ್ನು ಮೇಲಕ್ಕೆ ಎಳೆಯುತ್ತದೆ. ಚಳಿಗಾಲದಲ್ಲಿ ಈ ಎಳೆತ ಎಷ್ಟಾಗುತ್ತದೆ ಎಂಬುದನ್ನು ಚಿಕ್ಕ ಲೆಕ್ಕವೊಂದು ತೋರಿಸುತ್ತದೆ. 50 ಮೀಟರ್ ಅಂತರದ ಎರಡು ಕಂಬಗಳ ನಡುವೆ ಅರ್ಧ ಮೀಟರ್ ಜೋತುಬಿದ್ದ ತಂತಿಯಲ್ಲಿ ನೇರ ಅಂತರಕ್ಕಿಂತ ಹೆಚ್ಚಿಗೆ ಇರುವ ಉದ್ದ 13 ಮಿಲಿಮೀಟರ್ ಮಾತ್ರ. ಉಷ್ಣತೆ 30 ಡಿಗ್ರಿ ಇಳಿದರೆ ಕಬ್ಬಿಣದ ತಂತಿ ಅದೇ ಅಂತರದಲ್ಲಿ ಸುಮಾರು 18 ಮಿಲಿಮೀಟರ್ ಕುಗ್ಗಲು ನೋಡುತ್ತದೆ. ಇರುವ ಸಡಿಲಕ್ಕಿಂತ ಕುಗ್ಗುವಿಕೆಯೇ ಹೆಚ್ಚು. ಉಳಿದದ್ದನ್ನು ತಂತಿ ತಾನೇ ಹಿಗ್ಗಿ ಸರಿದೂಗಿಸಬೇಕು, ಆಗ ಬಿಗಿತ ಹಲವು ಪಟ್ಟು ಏರುತ್ತದೆ. ಒತ್ತಿ ಕೂರಿಸಿದ ಗಾಜು ಅಂಥ ರಾತ್ರಿ ಪಿನ್ನಿನಿಂದ ಕಳಚಿಕೊಂಡು ತಂತಿಯಲ್ಲೇ ನೇತಾಡುತ್ತಿತ್ತು. ಮತ್ತೆ ಬಿಸಿಲು ಬಂದು ತಂತಿ ಸಡಿಲಾದಾಗ ಅದು ಪಿನ್ನಿನ ಮೇಲೆ ಮರಳಿ ಕೂರುವ ಮಾತೇ ಇಲ್ಲ, ಪಕ್ಕಕ್ಕೆ ಬಿದ್ದು ತಂತಿ ಅಡ್ಡತೋಳಿಗೆ ತಗಲುತ್ತಿತ್ತು.

ಇದಕ್ಕೆ ಪರಿಹಾರ ಸೂಚಿಸಿದವನು ನ್ಯೂಯಾರ್ಕಿನ ಬಡಗಿ ಲೂಯಿ ಕೋವೆ. ಪಿನ್ನಿನ ತಲೆಗೂ ಗಾಜಿನ ಗುಳಿಗೂ ಹೊಂದುವಂತೆ ಥ್ರೆಡ್ ಇರಬೇಕೆಂಬ ಅವನ ಕಲ್ಪನೆಗೆ 1865ರ ಜುಲೈ 25ರಂದು ಅಮೆರಿಕದ ಪೇಟೆಂಟ್ ಸಿಕ್ಕಿತು. ಮರಗೆಲಸದವನಿಗೆ ಇಂಥ ಯೋಚನೆ ಹೊಳೆದದ್ದರಲ್ಲಿ ಅಚ್ಚರಿಯಿಲ್ಲ. ಮರದ ತಿರುಪು ಬಡಗಿಯ ಪಟ್ಟುಗೋಲುಗಳಲ್ಲಿ ನಿತ್ಯ ಬಳಕೆಯಲ್ಲಿತ್ತು. ಪೇಟೆಂಟಿನ ಹಕ್ಕು ಬ್ರೂಕ್ಲಿನ್‌ನ ಗಾಜಿನ ತಯಾರಕರಾದ ಬ್ರೂಕ್‌ಫೀಲ್ಡ್ ಕುಟುಂಬದ ಕೈಸೇರಿತು. ಅವರ ಇನ್ಸುಲೇಟರ್‌ಗಳ ಮೈಮೇಲೆ ಕೋವೆಯ ಹೆಸರೂ ಆ ದಿನಾಂಕವೂ ಉಬ್ಬಕ್ಷರದಲ್ಲಿ ವರ್ಷಗಟ್ಟಲೆ ಮೂಡಿಬಂದವು. ಥ್ರೆಡ್ ಎಂಬುದು ಆ ಹೊತ್ತಿಗೆ ಸಾವಿರಾರು ವರ್ಷ ಹಳೆಯ ಸಾಧನ. ಅದನ್ನು ಗಾಜಿನ ಒಳಗೋಡೆಯ ಮೇಲೆ, ದಿನಕ್ಕೆ ಸಾವಿರಗಟ್ಟಲೆ, ಒಂದೇ ಅಳತೆಯಲ್ಲಿ ತರುವುದೇ ನಿಜವಾದ ಎಂಜಿನಿಯರಿಂಗ್ ಸವಾಲಾಗಿತ್ತು.

ಅಚ್ಚಿನಲ್ಲಿ ತಯಾರಾಗುವ ಯಾವುದೇ ವಸ್ತುವಿಗೂ ಒಂದು ನಿಯಮವಿದೆ: ಆಕಾರ ಕೊಟ್ಟ ಮೇಲೆ ಅಚ್ಚು ಬಿಡಿಸಿಕೊಳ್ಳಬೇಕು. ಹೊರಮೈಯ ಅಚ್ಚನ್ನು ಎರಡು ಮೂರು ಹೋಳು ಮಾಡಿ ಕೀಲು ಹಾಕಿದರೆ ಕದ ತೆರೆದಂತೆ ತೆರೆದುಕೊಳ್ಳುತ್ತದೆ. ಹಳೆಯ ಇನ್ಸುಲೇಟರ್‌ಗಳ ಮೈಮೇಲೆ ಕಾಣುವ ಸಣ್ಣ ಏಣು ಆ ಹೋಳುಗಳು ಕೂಡಿದ ಗುರುತು. ಒಳಗಿನ ತಿರುಪಿಗೆ ಈ ಸೌಲಭ್ಯವಿಲ್ಲ. ಥ್ರೆಡ್‌ನ ಪ್ರತಿ ಏಣಿನ ಹಿಂದೆಯೂ ಗಾಜು ಹೊಕ್ಕು ಕೂತಿರುತ್ತದೆ. ನೇರ ಎಳೆದರೆ ಕಬ್ಬಿಣದ ಏಣು ಗಾಜಿನ ಏಣನ್ನು ಕಿತ್ತುಕೊಂಡೇ ಬರಬೇಕು. ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳದ ಒಳಗೂ ಇಂಥದೇ ಥ್ರೆಡ್ ಇರುತ್ತದೆ. ಆದರೆ ಮುಚ್ಚಳದ ಪ್ಲಾಸ್ಟಿಕ್ ಬಾಗುವ ಗುಣದ್ದಾದ್ದರಿಂದ ಅನೇಕ ಕಾರ್ಖಾನೆಗಳಲ್ಲಿ ಅದನ್ನು ತಿರುಗಿಸದೆ ನೇರವಾಗಿ ಅಚ್ಚಿನಿಂದ ತಳ್ಳಿಬಿಡುತ್ತಾರೆ. ಅದು ಒಂದು ಕ್ಷಣ ಹಿಗ್ಗಿ ಏಣುಗಳನ್ನು ದಾಟಿ ಮತ್ತೆ ತನ್ನ ಅಳತೆಗೆ ಬರುತ್ತದೆ. ಗಟ್ಟಿಯಾದ ಗಾಜು ಹಿಗ್ಗುವುದಿಲ್ಲ, ಮೆತ್ತಗಿನ ಗಾಜು ಹಿಗ್ಗಿದರೆ ಮರಳಿ ಬರುವುದಿಲ್ಲ. ಹೀಗಾಗಿ ಗಾಜಿನಿಂದ ತಿರುಪನ್ನು ಬಿಡಿಸುವ ದಾರಿ ಒಂದೇ, ಅದು ಹೋದ ಸುತ್ತುಗಳಲ್ಲೇ ಹಿಂದಕ್ಕೆ ತಿರುಗಿಸುವುದು.

ಯಾವಾಗ ತಿರುಗಿಸಬೇಕು ಎಂಬ ಪ್ರಶ್ನೆಗೆ ಉತ್ತರ ಗಾಜಿನ ಸ್ವಭಾವದಲ್ಲಿದೆ. ನೀರಿಗೋ ಸೀಸಕ್ಕೋ ಇರುವಂತೆ ಗಾಜಿಗೆ ಹೆಪ್ಪುಗಟ್ಟುವ ನಿಶ್ಚಿತ ಬಿಂದು ಇಲ್ಲ. ಅದು ತಣಿಯುತ್ತ ಹೋದಂತೆ ದಪ್ಪವಾಗುತ್ತ ಹೋಗುತ್ತದೆ, ಅಷ್ಟೆ. ಮರಳು, ಸೋಡಾ, ಸುಣ್ಣಗಲ್ಲು ಕೂಡಿಸಿ 1,400ರಿಂದ 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿದ ಸಾಮಾನ್ಯ ಗಾಜು 1,000 ಡಿಗ್ರಿಯ ಆಸುಪಾಸಿನಲ್ಲಿ ಅಚ್ಚಿಗೆ ಹದವಾಗಿರುತ್ತದೆ. ಆಗ ಅದರ ಸ್ನಿಗ್ಧತೆ ಸುಮಾರು 1,000 ಪ್ಯಾಸ್ಕಲ್-ಸೆಕೆಂಡ್, ಅಂದರೆ ನೀರಿಗಿಂತ ಹತ್ತು ಲಕ್ಷ ಪಟ್ಟು. 720–730 ಡಿಗ್ರಿಗೆ ಇಳಿಯುವಷ್ಟರಲ್ಲಿ ಸ್ನಿಗ್ಧತೆ ಇನ್ನೂ ಸಾವಿರಾರು ಪಟ್ಟು ಏರಿ, ತನ್ನ ಭಾರಕ್ಕೆ ತಾನು ನಿಧಾನವಾಗಿ ಕುಸಿಯುವಷ್ಟು ಮಾತ್ರ ಮೆತ್ತಗೆ ಉಳಿಯುತ್ತದೆ. 550 ಡಿಗ್ರಿಯ ಸುಮಾರಿಗೆ ಅದು ಕಾರ್ಯತಃ ಘನ. ಒತ್ತುವ ಕೆಲಸವೂ ಬಿಡಿಸುವ ಕೆಲಸವೂ ಈ ಮೂರು ಮೆಟ್ಟಿಲುಗಳ ಮೊದಲೆರಡರ ನಡುವೆ ಮುಗಿಯಬೇಕು.

ಕೈಯಿಂದ ಒತ್ತುತ್ತಿದ್ದ ಕಾಲದ ಕಾರ್ಖಾನೆಯಲ್ಲಿ ಕೆಲಸ ಹೀಗೆ ನಡೆಯುತ್ತಿತ್ತು. ಒಬ್ಬ ಕೆಲಸಗಾರ ಉದ್ದನೆಯ ಕಬ್ಬಿಣದ ಸರಳನ್ನು ಕುಲುಮೆಯ ಬಾಯಿಗೆ ತೂರಿ, ತುದಿಯಲ್ಲಿ ಕರಗಿದ ಗಾಜಿನ ಮುದ್ದೆಯನ್ನು ಸುತ್ತಿ ತರುತ್ತಾನೆ. ಮೇಜಿನ ಮೇಲೆ ಅಚ್ಚು ತಲೆಕೆಳಗಾಗಿ ನಿಂತಿರುತ್ತದೆ; ಇನ್ಸುಲೇಟರಿನ ನೆತ್ತಿ ಅಚ್ಚಿನ ತಳದಲ್ಲಿ, ಅಂಚು ಮೇಲುಗಡೆ. ಗಾಜು ಸರಳಿನಿಂದ ಇಳಿದು ಅಚ್ಚಿಗೆ ಬೀಳುತ್ತಿದ್ದಂತೆ ಒತ್ತುವವನು ಕತ್ತರಿಯಿಂದ ಅದನ್ನು ಕಡಿಯುತ್ತಾನೆ. ಎಷ್ಟು ಗಾಜು ಬೀಳಬೇಕೆಂಬ ಅಂದಾಜು ಅವನ ಕಣ್ಣಳತೆಯದೇ. ಕಡಿಮೆಯಾದರೆ ಅಂಚು ಪೂರ್ತಿ ತುಂಬದೆ ಮೊಂಡಾಗುತ್ತದೆ, ಹೆಚ್ಚಾದರೆ ಅಂಚಿನ ಸುತ್ತ ಗಾಜು ಉಕ್ಕಿ ನಿಲ್ಲುತ್ತದೆ. ಮರುಕ್ಷಣವೇ ಸನ್ನೆಕೋಲನ್ನು ಎಳೆದಾಗ ಒತ್ತುದಂಡ ಇಳಿಯುತ್ತದೆ. ಅದರ ತುದಿಯಲ್ಲಿ ಥ್ರೆಡ್ ಕೊರೆದ ಕಬ್ಬಿಣದ ಮ್ಯಾಂಡ್ರೆಲ್ ಇರುತ್ತದೆ. ಮ್ಯಾಂಡ್ರೆಲ್ ತಿರುಗದೆ ನೇರವಾಗಿಯೇ ಇಳಿಯುತ್ತದೆ. ಮೆತ್ತಗಿನ ಗಾಜು ಪಕ್ಕಕ್ಕೆ ಸರಿದು, ಅಚ್ಚಿಗೂ ಮ್ಯಾಂಡ್ರೆಲಿಗೂ ನಡುವೆ ಮೇಲೇರಿ, ಥ್ರೆಡ್‌ನ ಸಂದುಗಳನ್ನೆಲ್ಲ ತುಂಬಿಕೊಳ್ಳುತ್ತದೆ.

ತಣ್ಣಗಿನ ಕಬ್ಬಿಣ ತಾಕಿದ ಕೂಡಲೇ ಗಾಜಿನ ಮೇಲ್ಮೈ ಬಿರುಸಾಗಿ ಒಂದು ತೊಗಲು ಕಟ್ಟುತ್ತದೆ. ಒಳಗಿನ ಗಾಜು ಇನ್ನೂ ಹಳದಿಗೆಂಪು ಬಿಸಿಯಲ್ಲೇ ಇರುತ್ತದೆ. ಥ್ರೆಡ್ ನಿಂತಿರುವುದು ಈ ತೆಳು ತೊಗಲಿನ ಬಲದಿಂದ. ಅವಸರ ಮಾಡಿ ಮ್ಯಾಂಡ್ರೆಲನ್ನು ತೆಗೆದರೆ ಒಳಗಿನ ಕಾವು ಹೊರಬಂದು ತೊಗಲನ್ನು ಮತ್ತೆ ಮೆತ್ತಗಾಗಿಸುತ್ತದೆ, ಏಣುಗಳು ದುಂಡಗಾಗಿ ಕುಸಿದು ಥ್ರೆಡ್ ಅಳಿಸಿಹೋಗುತ್ತದೆ. ತಡಮಾಡಿದರೆ ಇದಕ್ಕಿಂತ ಕೆಡುಕು. ಗಾಜು ತಣಿಯುತ್ತ ಕುಗ್ಗುತ್ತಿರುತ್ತದೆ, ಅದೇ ವೇಳೆ ಮ್ಯಾಂಡ್ರೆಲ್ ಗಾಜಿನ ಬಿಸಿಯನ್ನು ಹೀರಿ ಹಿಗ್ಗುತ್ತಿರುತ್ತದೆ. ಎರಡೂ ಸೇರಿ ಹಿಡಿತ ಬಿಗಿಯಾಗುತ್ತದೆ. ಆಮೇಲೆ ತಿರುಗಿಸಲು ಹೋದರೆ ಮ್ಯಾಂಡ್ರೆಲ್ ಬರುವ ಬದಲು ಗಾಜೇ ಸೀಳುತ್ತದೆ. ಇವೆರಡರ ನಡುವೆ ಇರುವ ಅವಕಾಶ ಕೆಲವೇ ಸೆಕೆಂಡುಗಳದು.

ಒತ್ತುದಂಡವನ್ನು ಮೇಲೆತ್ತಿ ಮ್ಯಾಂಡ್ರೆಲನ್ನು ಮಾತ್ರ ಗಾಜಿನಲ್ಲೇ ಬಿಡುವ ಏರ್ಪಾಡು ಈ ಇಕ್ಕಟ್ಟಿಗೆ ಸಿಕ್ಕ ಜಾಣ ಉತ್ತರ. ಮ್ಯಾಂಡ್ರೆಲ್ ಒತ್ತುದಂಡಕ್ಕೆ ಬಿಗಿಯಾಗಿ ಅಂಟಿರದೆ ಬಿಡಿಯಾಗಿ ಕಳಚುವಂತಿದ್ದರೆ, ಒತ್ತುವ ಯಂತ್ರ ಮುಂದಿನ ಅಚ್ಚಿಗೆ ಬಿಡುವಾಗುತ್ತದೆ, ಗಾಜು ತನಗೆ ಬೇಕಾದ ಹೊತ್ತು ಮ್ಯಾಂಡ್ರೆಲಿನ ಸುತ್ತ ನಿಂತು ಗಟ್ಟಿಯಾಗುತ್ತದೆ. ಆಮೇಲೆ ಇನ್ನೊಬ್ಬ ಕೆಲಸಗಾರ ಮ್ಯಾಂಡ್ರೆಲಿನ ತುದಿಯನ್ನು ಹಿಡಿದು ತಿರುಗಿಸಿ ತೆಗೆಯುತ್ತಾನೆ. ಒಂದು ಮ್ಯಾಂಡ್ರೆಲ್ ಗಾಜಿನಲ್ಲಿರುವಾಗ ಇನ್ನೊಂದು ತಣಿಯುತ್ತಿರುತ್ತದೆ, ಮತ್ತೊಂದು ಒತ್ತಲು ಸಿದ್ಧವಾಗಿರುತ್ತದೆ.

ಮ್ಯಾಂಡ್ರೆಲಿನ ಬಿಸಿಯೂ ಹದದಲ್ಲಿರಬೇಕು. ಬೆಳಗಿನ ಮೊದಲ ಒತ್ತಿಗೆ ಕಬ್ಬಿಣ ತೀರ ತಣ್ಣಗಿದ್ದರೆ ಗಾಜಿನ ತೊಗಲು ಒಮ್ಮೆಲೇ ಸೆಡೆತು ಥ್ರೆಡ್‌ನ ಏಣುಗಳಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತದೆ. ಗಾಜು ಸಂದುಗಳ ತಳ ಮುಟ್ಟುವ ಮೊದಲೇ ಗಟ್ಟಿಯಾಗಿ ಥ್ರೆಡ್ ಅರ್ಧಂಬರ್ಧ ಮೂಡುತ್ತದೆ. ಒಂದೇ ಸಮನೆ ಒತ್ತುತ್ತ ಹೋಗಿ ಕಬ್ಬಿಣದ ಮೇಲ್ಮೈ ಸುಮಾರು 600 ಡಿಗ್ರಿಯ ಸಮೀಪ ಬಂದರೆ ಗಾಜು ಅದಕ್ಕೆ ಅಂಟತೊಡಗುತ್ತದೆ. ಅಂಟಿದ ಗಾಜನ್ನು ತಿರುಗಿಸಿದಾಗ ಏಣು ಹರಿದು ಬರುತ್ತದೆ. ಹೊರಮೈ ಅಚ್ಚಿಗಿಂತ ಮ್ಯಾಂಡ್ರೆಲಿಗೆ ಈ ಅಪಾಯ ಹೆಚ್ಚು. ಏಕೆಂದರೆ ಅದರ ಸುತ್ತ ನಾಲ್ಕೂ ಕಡೆ ಗಾಜೇ ಇದ್ದು, ಬಿಸಿ ಹೊರಹೋಗಲು ಹಿಂಬದಿಯ ಕಾಂಡವೊಂದೇ ದಾರಿ. ಸಾಲಾಗಿ ಹಲವು ಮ್ಯಾಂಡ್ರೆಲ್‌ಗಳನ್ನು ಸರದಿಯಲ್ಲಿ ಬಳಸುವುದು ಇದಕ್ಕೂ ನೆರವಾಗುತ್ತದೆ.

ಥ್ರೆಡ್‌ನ ಆಕಾರವನ್ನು ನಿರ್ಧರಿಸಿದ್ದೂ ಇದೇ ಒತ್ತಡಗಳು. ಅಮೆರಿಕದಲ್ಲಿ ನೆಲೆನಿಂತ ಅಳತೆಯ ಪ್ರಕಾರ ಪಿನ್ನಿನ ತಲೆ 1 ಇಂಚು ವ್ಯಾಸದ್ದು, ಥ್ರೆಡ್ ಇಂಚಿಗೆ 4 ಸುತ್ತು. ಅಂದರೆ ಎರಡು ಏಣುಗಳ ನಡುವೆ 6.35 ಮಿಲಿಮೀಟರ್ ಅಂತರ. ಅದೇ ದಪ್ಪದ ಉಕ್ಕಿನ ಬೋಲ್ಟಿನಲ್ಲಿ ಸಾಮಾನ್ಯವಾಗಿ ಇಂಚಿಗೆ 8 ಸುತ್ತು ಇರುತ್ತವೆ. ಇನ್ಸುಲೇಟರಿನ ತಿರುಪು ಅದರ ಎರಡರಷ್ಟು ಒರಟು, ಏಣುಗಳ ತಲೆಯೂ ಬುಡವೂ ದುಂಡಗೆ. ಹೀಗಿರುವುದಕ್ಕೆ ಕಾರಣಗಳು ಹಲವು. ಚೂಪು ಮೂಲೆಗೆ ದಪ್ಪಗಿನ ಗಾಜು ಹರಿದು ತುಂಬುವುದಿಲ್ಲ, ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ತುಂಬಿದರೂ ಚೂಪು ಬುಡ ಬಿರುಕಿಗೆ ಆಹ್ವಾನವಿದ್ದಂತೆ. ಗಾಜು ಅದುಮುವ ಬಲವನ್ನು ಎಷ್ಟು ಚೆನ್ನಾಗಿ ತಾಳುತ್ತದೋ ಎಳೆಯುವ ಬಲಕ್ಕೆ ಅಷ್ಟೇ ಬೇಗ ಸೋಲುತ್ತದೆ, ಎಳೆತ ಒಟ್ಟುಗೂಡುವುದು ಇಂಥ ಮೂಲೆಗಳಲ್ಲೇ. ಇನ್ನೊಂದು ಕಡೆ ಮರದ ಪಿನ್ನಿನಲ್ಲಿ ಸಣ್ಣ ಥ್ರೆಡ್ ಕೊರೆದರೆ ಎಳೆಗಳು ಸಿಬಿರಾಗಿ ಉದುರುತ್ತವೆ. ಒರಟು ತಿರುಪು ಗಾಜಿಗೂ ಮರಕ್ಕೂ ಒಗ್ಗುತ್ತದೆ. ಪಿನ್ನುಗಳಿಗೆ ಅಮೆರಿಕದಲ್ಲಿ ಹೆಚ್ಚಾಗಿ ಬಳಸುತ್ತಿದ್ದದ್ದು ಲೋಕಸ್ಟ್ ಎಂಬ ಗಟ್ಟಿ ಮರ; ಅದು ನೆನೆದರೂ ಬೇಗ ಕೊಳೆಯುವುದಿಲ್ಲ.

ತಿರುಪಿನ ಗುಳಿ ನೆತ್ತಿಯತ್ತ ಹೋದಂತೆ ತುಸು ಕಿರಿದಾಗುತ್ತದೆ. ಕಾರ್ಖಾನೆಗೆ ಇದರ ಲಾಭ ದೊಡ್ಡದು: ಮ್ಯಾಂಡ್ರೆಲನ್ನು ಹಿಂದಕ್ಕೆ ತಿರುಗಿಸತೊಡಗಿದ ಕೂಡಲೇ ಕಬ್ಬಿಣ ಗಾಜಿನಿಂದ ಎಲ್ಲ ಕಡೆಯೂ ದೂರ ಸರಿಯುತ್ತದೆ, ಉಳಿದ ಸುತ್ತುಗಳು ಉಜ್ಜದೆ ಸಲೀಸಾಗಿ ಬರುತ್ತವೆ. ಒಂದೇ ವ್ಯಾಸದ ತಿರುಪಾಗಿದ್ದರೆ ಕೊನೆಯ ಸುತ್ತಿನವರೆಗೂ ಗಾಜನ್ನು ಸವರುತ್ತಲೇ ಬರಬೇಕಿತ್ತು. ಲೈನ್‌ಮನ್‌ಗೂ ಇದು ಅನುಕೂಲ. ಕೂರಿಸುವಾಗ ಇನ್ಸುಲೇಟರ್ ಮೊದಲು ಸಡಿಲವಾಗಿ ಇಳಿದು ಕೊನೆಯಲ್ಲಿ ಬಿಗಿಯಾಗುತ್ತದೆ. ಕಂಬದ ತುದಿಯಲ್ಲಿ ಒಂದು ಕೈಯಲ್ಲಿ ಆಧಾರ ಹಿಡಿದು ಕೆಲಸ ಮಾಡುವವನಿಗೆ ಇದು ಸಣ್ಣ ಉಪಕಾರವಲ್ಲ. ತಂತಿ ಕಟ್ಟುವ ತೋಡನ್ನು ಥ್ರೆಡ್ ಇರುವ ಮಟ್ಟದಲ್ಲೇ ಇಡುವುದು ಒಳ್ಳೆಯ ವಿನ್ಯಾಸದ ಲಕ್ಷಣ. ತಂತಿ ಪಕ್ಕಕ್ಕೆ ಎಳೆದಾಗ ಬಲ ನೇರವಾಗಿ ಪಿನ್ನಿಗೆ ದಾಟುತ್ತದೆ, ಗಾಜು ಸನ್ನೆಕೋಲಿನಂತೆ ಬಾಗುವ ಪ್ರಸಂಗ ಬರುವುದಿಲ್ಲ.

1870ರ ಆಸುಪಾಸಿನಲ್ಲಿ ಈ ಒತ್ತುವ ವಿಧಾನಗಳ ಮೇಲೆ ಪೇಟೆಂಟುಗಳ ಸಾಲೇ ಬಂತು. ಬ್ರೂಕ್‌ಫೀಲ್ಡ್ ಇನ್ಸುಲೇಟರ್‌ಗಳ ಮೇಲೆ ಕೋವೆಯ ದಿನಾಂಕದ ಜೊತೆಗೆ 1870ರ ಜನವರಿ 25 ಮತ್ತು ಫೆಬ್ರವರಿ 22 ಎಂಬ ದಿನಾಂಕಗಳೂ ಕಾಣುತ್ತವೆ. ಕೆಂಟಕಿಯ ಕೋವಿಂಗ್ಟನ್‌ನಲ್ಲಿ ಗಾಜಿನ ಕಾರ್ಖಾನೆ ನಡೆಸುತ್ತಿದ್ದ ರಾಬರ್ಟ್ ಹೆಮಿಂಗ್ರೇ, ಥ್ರೆಡ್ ಸಹಿತ ಇನ್ಸುಲೇಟರ್ ಒತ್ತುವ ವಿಧಾನಕ್ಕೆ 1871ರ ಡಿಸೆಂಬರ್ 19ರಂದು ಪೇಟೆಂಟ್ ಪಡೆದ. ಆ ದಿನಾಂಕವೂ ಅವನ ಸಂಸ್ಥೆಯ ಗಾಜಿನ ಮೇಲೆ ದೀರ್ಘಕಾಲ ಉಳಿಯಿತು. ಬಾಸ್ಟನ್ ಬಾಟಲ್ ವರ್ಕ್ಸ್ ಬೇರೊಂದು ಜಾಡು ಹಿಡಿಯಿತು. 1872ರ ಅಕ್ಟೋಬರ್ 15ರ ಪೇಟೆಂಟ್ ದಿನಾಂಕ ಹೊತ್ತ ಅವರ ಇನ್ಸುಲೇಟರ್‌ಗಳಲ್ಲಿ ಥ್ರೆಡ್ ಅಖಂಡವಾಗಿ ಸುತ್ತಿಹೋಗದೆ ತುಂಡುತುಂಡಾಗಿರುತ್ತದೆ, ನಡುನಡುವೆ ಬೋಳು ಪಟ್ಟಿಗಳಿರುತ್ತವೆ. ಹೀಗೆ ಕಡಿದ ತಿರುಪು ಜಾಣ್ಮೆಯದೇ, ಆದರೆ ಪಿನ್ನನ್ನು ಹಿಡಿಯುವ ಏಣಿನ ಉದ್ದ ಅದರಲ್ಲಿ ಕಡಿಮೆಯಾಗುತ್ತದೆ. ಕಾಲ ಉಳಿಸಿಕೊಂಡದ್ದು ಅಖಂಡ ತಿರುಪನ್ನೇ.

ಮ್ಯಾಂಡ್ರೆಲ್ ಹೊರಬಂದು ಅಚ್ಚು ತೆರೆದ ಮೇಲೆ ಇನ್ಸುಲೇಟರ್ ಸಿದ್ಧವಾದಂತೆ ಕಾಣುತ್ತದೆ, ಆದರೆ ಹಾಗೇ ಬಿಟ್ಟರೆ ಅದು ಉಳಿಯುವುದಿಲ್ಲ. ಒಂದು ಕಡೆ ದಪ್ಪಗಿನ ನೆತ್ತಿ, ಇನ್ನೊಂದು ಕಡೆ ತೆಳುವಾದ ಅಂಚು. ಎರಡೂ ಬೇರೆಬೇರೆ ವೇಗದಲ್ಲಿ ತಣಿದು ಗಾಜಿನೊಳಗೆ ಸೆಳೆತ ಉಳಿಯುತ್ತದೆ. ಅಂಥ ಗಾಜು ಎಂದೋ ಒಂದು ದಿನ, ಬಹುಪಾಲು ಥ್ರೆಡ್‌ನ ಬುಡದಿಂದಲೇ, ತಾನಾಗಿ ಬಿರಿಯುತ್ತದೆ. ಆದ್ದರಿಂದ ಬಿಸಿ ಇರುವಾಗಲೇ ಅದನ್ನು ಉದ್ದನೆಯ ಸುರಂಗದಂಥ ಗೂಡಿಗೆ ಒಯ್ದು, 550 ಡಿಗ್ರಿಯ ಸುಮಾರಿನಲ್ಲಿ ಸೆಳೆತ ಕರಗಿಸಿ, ಗಂಟೆಗಟ್ಟಲೆ ನಿಧಾನವಾಗಿ ತಣಿಸಬೇಕು. ಅಮೆರಿಕದ ಗಾಜಿನ ಕಾರ್ಖಾನೆಗಳಲ್ಲಿ ಬಿಸಿ ವಸ್ತುಗಳನ್ನು ಹೊತ್ತು ಈ ಗೂಡಿಗೆ ಓಡಾಡುತ್ತಿದ್ದವರು ಹೆಚ್ಚಾಗಿ ಚಿಕ್ಕ ಹುಡುಗರು. 1908ರಲ್ಲಿ ಛಾಯಾಗ್ರಾಹಕ ಲೂಯಿಸ್ ಹೈನ್ ಇಂಡಿಯಾನಾ ರಾಜ್ಯದ ಗಾಜಿನ ಕಾರ್ಖಾನೆಗಳಲ್ಲಿ ನಡುರಾತ್ರಿ ದುಡಿಯುತ್ತಿದ್ದ ಮಕ್ಕಳ ಚಿತ್ರಗಳನ್ನು ತೆಗೆದ. ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಹೋರಾಟಕ್ಕೆ ಅವು ಸಾಕ್ಷ್ಯವಾದವು. ಗಾಜಿನ ತಂತ್ರಜ್ಞಾನದ ಚರಿತ್ರೆ ಹೇಳುವಾಗ ಆ ಮಕ್ಕಳನ್ನು ಬಿಟ್ಟು ಹೇಳುವುದು ನ್ಯಾಯವಲ್ಲ.

ಹೆಮಿಂಗ್ರೇ ಸಂಸ್ಥೆ 1888ರಲ್ಲಿ ಇಂಡಿಯಾನಾದ ಮನ್ಸಿ ಪಟ್ಟಣಕ್ಕೆ ಸ್ಥಳಾಂತರಗೊಂಡಿತು. ಆ ಸುತ್ತಿನಲ್ಲಿ ನೈಸರ್ಗಿಕ ಅನಿಲ ಹೇರಳವಾಗಿ ಸಿಕ್ಕಿದ್ದರಿಂದ ಗಾಜಿನವರೆಲ್ಲ ಅತ್ತ ಮುಖ ಮಾಡಿದ್ದರು. ಇಪ್ಪತ್ತನೇ ಶತಮಾನದಲ್ಲಿ ಸುತ್ತುವ ಮೇಜಿನ ಯಂತ್ರಗಳು ಬಂದು, ಗಾಜು ಸುರಿಯುವುದು, ಒತ್ತುವುದು, ಮ್ಯಾಂಡ್ರೆಲ್ ತಿರುಗಿಸಿ ತೆಗೆಯುವುದು ಎಲ್ಲವೂ ಯಂತ್ರದ ಪಾಲಾಯಿತು. ಕೆಲಸಗಾರನ ಅಂದಾಜಿಗೆ ಬಿಟ್ಟಿದ್ದ ಆ ಕೆಲವು ಸೆಕೆಂಡುಗಳನ್ನು ಯಂತ್ರ ಪ್ರತಿ ಸಲವೂ ಒಂದೇ ತೆರನಾಗಿ ಪಾಲಿಸಿತು. ಥ್ರೆಡ್‌ನ ಗುಣಮಟ್ಟ ಏಕರೂಪಕ್ಕೆ ಬಂತು. ಹೆಮಿಂಗ್ರೇ 42 ಎಂಬ ಮಾದರಿ ಅಮೆರಿಕದ ತಂತಿ ಕಂಬಗಳ ಮೇಲೆ ಎಲ್ಲೆಡೆ ಕಾಣಿಸಿಕೊಂಡಿತು. 1933ರಲ್ಲಿ ಓವೆನ್ಸ್-ಇಲಿನಾಯ್ ಸಂಸ್ಥೆ ಹೆಮಿಂಗ್ರೇಯನ್ನು ಕೊಂಡುಕೊಂಡಿತು. ಮನ್ಸಿಯಲ್ಲಿ ಇನ್ಸುಲೇಟರ್ ತಯಾರಿಕೆ 1960ರ ದಶಕದವರೆಗೂ ನಡೆಯಿತು.

ಯುರೋಪು ಬಹುಮಟ್ಟಿಗೆ ಗಾಜಿನ ಬದಲು ಪಿಂಗಾಣಿಯನ್ನು, ಮರದ ಪಿನ್ನಿನ ಬದಲು ಕಬ್ಬಿಣದ ಸರಳನ್ನು ಆರಿಸಿಕೊಂಡಿತು. ಇಂಗ್ಲೆಂಡಿನ ಲ್ಯಾಟಿಮರ್ ಕ್ಲಾರ್ಕ್ 1856ರಲ್ಲಿ ಒಂದರೊಳಗೊಂದು ಎರಡು ಬಟ್ಟಲುಗಳಿರುವ ಮಾದರಿಯನ್ನು ರೂಪಿಸಿದ. ಪ್ರಷ್ಯದಲ್ಲಿ ಫಾನ್ ಷೋವಾನ್‌ನ ಜೋಡಿಗಂಟೆಯ ಪಿಂಗಾಣಿ ಬಳಕೆಗೆ ಬಂತು. ಸರಳಿಗೆ ಪಿಂಗಾಣಿಯನ್ನು ಗಾರೆಯಿಂದ ಮೆತ್ತುವುದು ಒಂದು ಕ್ರಮ. ಸರಳಿನ ಥ್ರೆಡ್‌ಗೆ ಎಣ್ಣೆಯಲ್ಲಿ ನೆನೆಸಿದ ಸೆಣಬಿನ ನಾರು ಸುತ್ತಿ ಪಿಂಗಾಣಿಯನ್ನು ತಿರುಗಿಸಿ ಕೂರಿಸುವುದು ಇನ್ನೊಂದು. ಗಾರೆ ಹಾಕಿದ್ದು ಒಡೆದರೆ ಸರಳನ್ನೂ ಎಸೆಯಬೇಕು. ಬ್ರಿಟನ್ನಿನ ಕಾರ್ಡೋ ಮಾದರಿ ಈ ತೊಡಕನ್ನು ಬಿಡಿಸಿತು. ಅದರಲ್ಲಿ ಪಿಂಗಾಣಿಯ ಒಳಗೇ ಒರಟು ಥ್ರೆಡ್ ಇರುತ್ತದೆ, ಉಕ್ಕಿನ ಸರಳಿಗೂ ಅದೇ ಥ್ರೆಡ್, ನಡುವೆ ಒಂದು ರಬ್ಬರ್ ಬಳೆ. ಒಡೆದ ಬಟ್ಟಲನ್ನು ಬಿಚ್ಚಿ ಹೊಸದನ್ನು ತಿರುಗಿಸಿದರೆ ಆಯಿತು.

ಪಿಂಗಾಣಿಯಲ್ಲಿ ಥ್ರೆಡ್ ಮೂಡಿಸುವವನಿಗೆ ಸೆಕೆಂಡುಗಳ ಅವಸರವಿಲ್ಲ. ಹಸಿ ಮಣ್ಣು ಗಂಟೆಗಟ್ಟಲೆ ಹದದಲ್ಲಿರುತ್ತದೆ. ಹೊರಮೈಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚು. ಅದು ಮಣ್ಣಿನ ನೀರನ್ನು ಹೀರಿಕೊಳ್ಳುತ್ತದೆ. ಒಳಗೆ ತಿರುಗುತ್ತ ಇಳಿಯುವ ಲೋಹದ ಉಳಿ. ಆ ಉಳಿಯನ್ನು ಕಾಯಿಸಿದ್ದರೆ ಮಣ್ಣಿನ ತೇವ ಆವಿಯಾಗಿ ಎರಡರ ನಡುವೆ ತೆಳು ಪರದೆ ಏಳುವುದರಿಂದ ಮಣ್ಣು ಅಂಟುವುದಿಲ್ಲ. ಆಮೇಲೆ ಥ್ರೆಡ್ ಇರುವ ತಿರುಳನ್ನು ಎಣ್ಣೆ ಸವರಿ ಇಳಿಸಿ, ಅದೇ ದಾರಿಯಲ್ಲಿ ತಿರುಗಿಸಿ ತೆಗೆಯಲಾಗುತ್ತದೆ. ಅಗ್ಗದ ಇನ್ನೊಂದು ಕ್ರಮದಲ್ಲಿ ತುಸು ತೇವದ ಮಣ್ಣಿನ ಪುಡಿಯನ್ನು ಉಕ್ಕಿನ ಅಚ್ಚಿನಲ್ಲಿ ಗಟ್ಟಿಯಾಗಿ ಅದುಮುತ್ತಾರೆ. ಅಳತೆ ಇದರಲ್ಲಿ ಚೊಕ್ಕವಾಗಿ ಬರುತ್ತದೆ, ಆದರೆ ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುವುದರಿಂದ ಹೆಚ್ಚಿನ ವೋಲ್ಟೇಜಿಗೆ ಅದು ಆಗಿಬರುವುದಿಲ್ಲ.

ಇಲ್ಲಿನ ಕಷ್ಟ ಬೇರೆ ಜಾತಿಯದು. ಒಣಗುವಾಗಲೂ ಗೂಡಿನಲ್ಲಿ ಬೇಯುವಾಗಲೂ ಪಿಂಗಾಣಿ ಕುಗ್ಗುತ್ತದೆ. ಉದ್ದದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು. 12ರಷ್ಟು ಕುಗ್ಗುವ ಮಣ್ಣಿನಲ್ಲಿ ಕೊನೆಗೆ 6.35 ಮಿಲಿಮೀಟರ್ ಅಂತರದ ಥ್ರೆಡ್ ಬೇಕಾದರೆ ಉಪಕರಣದ ಥ್ರೆಡ್ 7.22 ಮಿಲಿಮೀಟರ್ ಅಂತರದ್ದಾಗಿರಬೇಕು, 25.4 ಮಿಲಿಮೀಟರ್ ವ್ಯಾಸಕ್ಕೆ 28.9 ಮಿಲಿಮೀಟರ್ ಬೇಕು. ಕುಗ್ಗುವಿಕೆ ಮಣ್ಣಿನ ಮಿಶ್ರಣ, ತೇವ, ಗೂಡಿನ ಉರಿ ಇವುಗಳ ಮೇಲೆ ನಿಂತಿರುವುದರಿಂದ ಒಂದು ಗೂಡಿನಲ್ಲಿ ಬೆಂದದ್ದಕ್ಕೂ ಇನ್ನೊಂದರಲ್ಲಿ ಬೆಂದದ್ದಕ್ಕೂ ಅಳತೆ ತುಸು ಬದಲಾಗುತ್ತದೆ. ಹೊಳಪಿನ ಲೇಪ ದಪ್ಪವಾಗಿ ಥ್ರೆಡ್‌ನ ಸಂದುಗಳಲ್ಲಿ ನಿಂತರೆ ಪಿನ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಪಿಂಗಾಣಿ ಇನ್ಸುಲೇಟರ್‌ಗಳ ಒಳಗೆ ಗೇಜು ಹಾಕಿ ಪರೀಕ್ಷಿಸುವುದು ಕಡ್ಡಾಯ. ಗಾಜಿಗೆ ಕಷ್ಟ ಸಮಯದ್ದಾದರೆ ಪಿಂಗಾಣಿಗೆ ಕಷ್ಟ ಅಳತೆಯದು.

ಭಾರತದ ತಂತಿ ಇಲಾಖೆ ಬ್ರಿಟಿಷ್ ಪದ್ಧತಿಯನ್ನು ಅನುಸರಿಸಿತು. ರೈಲು ಹಳಿಯ ಪಕ್ಕದ ಕಂಬಗಳ ಮೇಲೆ ಸಾಲಾಗಿ ಕಾಣುತ್ತಿದ್ದದ್ದು ಬಿಳಿ ಪಿಂಗಾಣಿಯ ಬಟ್ಟಲುಗಳು. ಕರ್ನಾಟಕಕ್ಕೆ ಈ ಉದ್ಯಮದೊಡನೆ ನೇರ ನಂಟಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಪಿಂಗಾಣಿ ಕಾರ್ಖಾನೆ ವಿದ್ಯುತ್ ಮಾರ್ಗಗಳ ಇನ್ಸುಲೇಟರ್‌ಗಳನ್ನು ತಯಾರಿಸುತ್ತಿತ್ತು. ಅದೇ ಮುಂದೆ ಬಿಎಚ್‌ಇಎಲ್‌ನ ಎಲೆಕ್ಟ್ರೋಪೋರ್ಸಲಿನ್ಸ್ ವಿಭಾಗವಾಯಿತು.

ತಂತಿ ಸಂದೇಶದ ಕಾಲ ಮುಗಿದರೂ ಥ್ರೆಡ್ ಇರುವ ಇನ್ಸುಲೇಟರ್ ಮುಗಿದಿಲ್ಲ. ಹಳ್ಳಿಗಳಿಗೆ ಹೋಗುವ 11 ಕಿಲೋವೋಲ್ಟ್ ಮಾರ್ಗಗಳಲ್ಲಿ ಕಂದು ಬಣ್ಣದ ಪಿನ್ ಇನ್ಸುಲೇಟರ್‌ಗಳು ಇಂದಿಗೂ ಇವೆ. ಅಲ್ಲಿ ಉಕ್ಕಿನ ಪಿನ್ನು ಪಿಂಗಾಣಿಯನ್ನು ನೇರವಾಗಿ ಮುಟ್ಟಿದರೆ ಬಿಸಿಲಿಗೆ ಹಿಗ್ಗಿ ಅದನ್ನು ಸೀಳುವ ಅಪಾಯವಿದೆ. ಅದಕ್ಕಾಗಿ ಪಿನ್ನಿನ ತಲೆಗೆ ಸೀಸ ಎರಕ ಹೊಯ್ದು ಆ ಮೆತ್ತಗಿನ ಸೀಸದಲ್ಲಿ ಥ್ರೆಡ್ ಮಾಡುತ್ತಾರೆ, ಇಲ್ಲವೇ ಪಿಂಗಾಣಿಯ ಗುಳಿಯಲ್ಲಿ ಥ್ರೆಡ್ ಇರುವ ಸತುವಿನ ಟೊಪ್ಪಿಯನ್ನು ಸಿಮೆಂಟಿನಿಂದ ಕೂರಿಸುತ್ತಾರೆ. ಎರಡನೆಯ ಕ್ರಮದಲ್ಲಿ ಒಳ ಥ್ರೆಡ್ ಇರುವುದು ಲೋಹದಲ್ಲಿ. ಪಿಂಗಾಣಿಯ ಗುಳಿಗೆ ಸಿಮೆಂಟು ಹಿಡಿಯುವಷ್ಟು ಒರಟು ಇದ್ದರೆ ಸಾಕಾಗುತ್ತದೆ.